ಹೊಸಬರಿಗೆ ಮಾರ್ಗದರ್ಶಿ: ಜಾರ್ಜಿಯಾದ ಕೋಸು, ನಮ್ಮ ಒಲೆಯ ಮೇಲೆ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ಬಳಿಯ ಆಲ್ಫರೆಟ್ಟಾ, ಕಮ್ಮಿಂಗ್, ಜಾನ್ಸ್ ಕ್ರೀಕ್ ಕಡೆ ಈಗಷ್ಟೇ ಮನೆ ಹೂಡಿದವರು ನಮ್ಮ ಕನ್ನಡ ಕೂಟದವರನ್ನು ಮೊದಲು ಕೇಳುವುದು ಅಡುಗೆ ಸಾಮಾನಿನ ಬಗ್ಗೆ. ಸೋನಾ ಮಸೂರಿ, ಹುರಿಗಡಲೆ, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಇಂಡಿಯನ್ ಸ್ಟೋರಿನಲ್ಲಿ ಸಿಗುತ್ತವೆ, ಅದಕ್ಕೆ ಮಾರ್ಗದರ್ಶಿ ಬೇಕಿಲ್ಲ. ಇಲ್ಲಿನವರ ಅಡುಗೆಯಲ್ಲಿ ನಮ್ಮ ಬಾಯಿಗೆ ಬೇಗ ಹಿಡಿಸುವ ಒಂದು ಪದಾರ್ಥ ಇದೆ, ಈ ಪುಟ ಅದರದ್ದು. ಅಮೆರಿಕದ ದಕ್ಷಿಣ ರಾಜ್ಯಗಳವರು ಊಟದ ಪಕ್ಕಕ್ಕೆ ಮಾಡಿಕೊಳ್ಳುವ ಮೆತ್ತನೆಯ ಕೋಸು. ಫ್ರೈಡ್ ಕ್ಯಾಬೇಜ್ ಎಂದು ಕರೆದರೂ ಅದನ್ನು ಯಾರೂ ಎಣ್ಣೆಯಲ್ಲಿ ಕರಿಯುವುದಿಲ್ಲ. ಕೊಬ್ಬಿನಲ್ಲಿ ಬಾಡಿಸಿ, ತನ್ನದೇ ನೀರಿನಲ್ಲಿ ಬೇಯಿಸುತ್ತಾರೆ, ಅಷ್ಟೆ.

ಸಸ್ಯಾಹಾರಿಗಳು ಮೊದಲು ಒಂದು ವಿಷಯ ತಿಳಿದಿರಬೇಕು. ಹೋಟೆಲಿನಲ್ಲಿ ಸಿಗುವ ಕೋಸಿನಲ್ಲಿ ಬಹುತೇಕ ಹಂದಿ ಮಾಂಸ ಇದ್ದೇ ಇರುತ್ತದೆ. ಇಲ್ಲಿನ ಹಳೆಯ ಕಾಲದ ಊಟದ ಹೋಟೆಲುಗಳಲ್ಲಿ ‘ಮೀಟ್ ಆಂಡ್ ತ್ರೀ’ ಎಂಬ ಪದ್ಧತಿ ಉಂಟು: ಒಂದು ಮಾಂಸ, ಮೂರು ತರಕಾರಿ. ಮಾಂಸ ಬಿಟ್ಟು ಬರೀ ತರಕಾರಿ ತಟ್ಟೆಯನ್ನೂ ಕೊಡುತ್ತಾರೆ. ಅದನ್ನು ನೋಡಿ ನಮ್ಮವರು ಖುಷಿಯಾಗುತ್ತಾರೆ. ಆದರೆ ಆ ತಟ್ಟೆಯ ಕೋಸು, ಬೀನ್ಸ್, ಕೊಲಾರ್ಡ್ ಸೊಪ್ಪು ಬೆಂದಿರುವುದು ಬೇಕನ್ (ಉಪ್ಪು ಹಾಕಿ ಹೊಗೆಯಾಡಿಸಿದ ಹಂದಿ ಮಾಂಸದ ಪಟ್ಟಿ) ಕೊಬ್ಬಿನಲ್ಲೋ, ಹೊಗೆಯಾಡಿಸಿದ ಹ್ಯಾಮ್ ಮೂಳೆಯ ಜೊತೆಗೋ, ಕೋಳಿ ಬೇಯಿಸಿದ ರಸವಾದ ಚಿಕನ್ ಬ್ರಾತ್‌ನಲ್ಲೋ. (ತರಕಾರಿಗಳ ಪಟ್ಟಿಯಲ್ಲಿ ಮ್ಯಾಕರೋನಿ ಚೀಸ್ ಕೂಡ ಇರುತ್ತದೆ. ವಾದ ಮಾಡಬೇಡಿ, ತಿಂದುಬಿಡಿ.) “ಇದರಲ್ಲಿ ಮಾಂಸ ಇದೆಯಾ” ಎಂದು ಕೇಳಿದರೆ ಬಡಿಸುವವರು ಪ್ರಾಮಾಣಿಕವಾಗಿಯೇ ಇಲ್ಲ ಅನ್ನಬಹುದು, ಏಕೆಂದರೆ ರುಚಿಗೆ ಹಾಕಿದ್ದನ್ನು ಅವರು ಮಾಂಸ ಎಂದು ಎಣಿಸುವುದಿಲ್ಲ. ಹೀಗೆ ಕೇಳಿ: “ಇಸ್ ದಿಸ್ ಕುಕ್ಡ್ ವಿತ್ ಪೋರ್ಕ್ ಆರ್ ಚಿಕನ್ ಬ್ರಾತ್?” ಆಗ ಸರಿಯಾದ ಉತ್ತರ ಬರುತ್ತದೆ.

ಈ ಅಡುಗೆ ಹುಟ್ಟಿದ್ದು ಬಡತನದಲ್ಲಿ. ಗುಲಾಮಗಿರಿಯ ಕಾಲದಲ್ಲಿ ಕಪ್ಪು ಜನರಿಗೆ ಪಡಿಯಾಗಿ ಸಿಗುತ್ತಿದ್ದುದು ಮೆಕ್ಕೆಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಯ ತುಂಡು. ಒಂದು ಸಣ್ಣ ತುಂಡಿನಿಂದ ಒಂದು ಪಾತ್ರೆ ಸೊಪ್ಪಿಗೆ ರುಚಿ ಕೊಡುವುದನ್ನು ಅವರು ಕಲೆಯಾಗಿಸಿಕೊಂಡರು. ಬೆಂದ ಸೊಪ್ಪಿನ ರಸಕ್ಕೆ ‘ಪಾಟ್ ಲಿಕರ್’ ಎನ್ನುತ್ತಾರೆ, ಅದನ್ನು ಚೆಲ್ಲದೆ ಕಾರ್ನ್ ಬ್ರೆಡ್ (ಮೆಕ್ಕೆಜೋಳದ ರೊಟ್ಟಿ) ಅದ್ದಿಕೊಂಡು ತಿನ್ನುತ್ತಾರೆ. ಆದ್ದರಿಂದ ಮಾಂಸ ತೆಗೆದು ಕೋಸನ್ನು ಸುಮ್ಮನೆ ಬೇಯಿಸಿದರೆ ಅದು ಸಪ್ಪೆಯಾಗುತ್ತದೆ. ಬೇಕನ್ ಕೊಡುತ್ತಿದ್ದುದು ಮೂರು: ಜಿಡ್ಡು, ಉಪ್ಪು, ಹೊಗೆಯ ವಾಸನೆ. ಈ ಮೂರನ್ನೂ ಬೇರೆ ಕಡೆಯಿಂದ ತರಬೇಕು. ಜಿಡ್ಡಿಗೆ ಬೆಣ್ಣೆ ಇದೆ, ಉಪ್ಪು ಮನೆಯಲ್ಲಿದೆ. ಹೊಗೆಗೆ ಸ್ಮೋಕ್ಡ್ ಪ್ಯಾಪ್ರಿಕಾ ಕೊಳ್ಳಿ. ಕೆಂಪು ಮೆಣಸನ್ನು ಹೊಗೆಯಲ್ಲಿ ಒಣಗಿಸಿ ಮಾಡಿದ ಪುಡಿ ಅದು, ಸಾಮಾನ್ಯವಾಗಿ ಖಾರ ಇರುವುದಿಲ್ಲ, ಕ್ರೋಗರ್, ಪಬ್ಲಿಕ್ಸ್‌ನಂಥ ದಿನಸಿ ಅಂಗಡಿಗಳಲ್ಲಿ ಎಲ್ಲೆಡೆ ಮಸಾಲೆ ಸಾಲಿನಲ್ಲಿರುತ್ತದೆ. ಬರೀ ಪ್ಯಾಪ್ರಿಕಾ ಎಂದು ಬರೆದ ಡಬ್ಬಿ ಬೇರೆ, ಅದರಲ್ಲಿ ಬಣ್ಣ ಮಾತ್ರ.

ಮತ್ತೊಂದು ಮಾತು, ಸ್ವಲ್ಪ ಖಡಾಖಂಡಿತವಾಗಿಯೇ ಹೇಳುತ್ತೇವೆ. ಇದನ್ನು ಕೋಸಿನ ಪಲ್ಯ ಮಾಡಲು ಹೋಗಬೇಡಿ. ಸಾಸಿವೆ, ಕರಿಬೇವು, ತೆಂಗಿನತುರಿಗೆ ಕೈ ಹೋಗುವುದು ಸಹಜ. ಪಲ್ಯ ಬೇಕೆನಿಸಿದ ದಿನ ಪಲ್ಯವನ್ನೇ ಮಾಡಿ. ಇದರ ಸುಖ ಬೇರೆ ಕಡೆ ಇದೆ: ದಪ್ಪ ತುಂಡು, ಬೆಣ್ಣೆ, ಕರಿಮೆಣಸು, ಕೊನೆಯಲ್ಲಿ ಒಂದಿಷ್ಟು ವಿನೆಗರ್.

ಅಳತೆ ನಾಲ್ಕು ಜನಕ್ಕೆ. ಹಸಿರು ಕೋಸು ಒಂದು, ಎರಡು ಪೌಂಡಿನಷ್ಟು, ಅಂದರೆ ಸುಮಾರು 900 ಗ್ರಾಂ. ಇಲ್ಲಿನ ಕೋಸು ಊರಿನದಕ್ಕಿಂತ ದೊಡ್ಡದಿರಬಹುದು, ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿ. ದೊಡ್ಡ ಈರುಳ್ಳಿ ಒಂದು. ಏಪ್ರಿಲ್ ಹೊತ್ತಿಗೆ ಹೊಸ ವಿಡೇಲಿಯಾ ಈರುಳ್ಳಿ ಬರುತ್ತದೆ, ಸಿಕ್ಕರೆ ಅದನ್ನೇ ತನ್ನಿ. ಅದು ಜಾರ್ಜಿಯಾದ ಆಗ್ನೇಯ ಭಾಗದ ಬೆಳೆ. ಅಲ್ಲಿನ ಮಣ್ಣಿನಲ್ಲಿ ಗಂಧಕ ಕಡಿಮೆ, ಹಾಗಾಗಿ ಘಾಟಿಲ್ಲ, ಸಿಹಿ ಹೆಚ್ಚು. ನಿಗದಿತ ಪ್ರದೇಶದ ಹೊರಗೆ ಬೆಳೆದದ್ದಕ್ಕೆ ಆ ಹೆಸರಿಡದಂತೆ 1986ರಲ್ಲಿ ರಾಜ್ಯ ಕಾನೂನನ್ನೇ ಮಾಡಿತು. ಇನ್ನು ಬೆಣ್ಣೆ ಮೂರು ಟೇಬಲ್ ಚಮಚ, ಎಣ್ಣೆ ಒಂದು, ಬೆಳ್ಳುಳ್ಳಿ ಮೂರು ಎಸಳು, ಸ್ಮೋಕ್ಡ್ ಪ್ಯಾಪ್ರಿಕಾ ಒಂದು ಟೀ ಚಮಚ, ಕುಟ್ಟಿದ ಕೆಂಪುಮೆಣಸು ಅರ್ಧ, ಕರಿಮೆಣಸಿನ ಪುಡಿ ಒಂದು, ಸಕ್ಕರೆ ಒಂದು, ಉಪ್ಪು ಒಂದೂಕಾಲು. ನೀರು ಅಥವಾ ತರಕಾರಿ ಬ್ರಾತ್ ಅರ್ಧ ಕಪ್ಪು. ಆಪಲ್ ಸೈಡರ್ ವಿನೆಗರ್ ಒಂದು ಟೇಬಲ್ ಚಮಚ.

ಇಲ್ಲಿನವರ ಪಾಕವಿಧಾನದಲ್ಲಿ ಕೋಷರ್ ಸಾಲ್ಟ್ ಎಂದಿದ್ದರೆ ಅಷ್ಟೇ ಪುಡಿ ಉಪ್ಪು ಹಾಕಬೇಡಿ. ಅದರ ಹರಳು ದಪ್ಪ, ಚಮಚದಲ್ಲಿ ಕಡಿಮೆ ಹಿಡಿಯುತ್ತದೆ. ಅರ್ಧದಿಂದ ಶುರುಮಾಡಿ ರುಚಿ ನೋಡಿ. ಬ್ರಾತ್ ಡಬ್ಬಿ ತೆಗೆದುಕೊಳ್ಳುವಾಗಲೂ ಎಚ್ಚರ, ಚಿಕನ್ನಿನದು, ತರಕಾರಿಯದು ಒಂದೇ ತರಹದ ಡಬ್ಬಿಯಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಕೆಲವರು ಇದಕ್ಕೆ ವೂಸ್ಟರ್‌ಶೈರ್ ಸಾಸ್ ಹಾಕುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಮೀನು ಇರುತ್ತದೆ.

ಕೋಸನ್ನು ನಾಲ್ಕು ಹೋಳು ಮಾಡಿ ಗಟ್ಟಿ ದಿಂಡು ತೆಗೆಯಿರಿ. ಸಣ್ಣಗೆ ಹೆಚ್ಚಬೇಡಿ, ಒಂದೂವರೆ ಇಂಚಿನ ತುಂಡುಗಳಿರಲಿ. ಪಾತ್ರೆ ದೊಡ್ಡದಿರಬೇಕು, ದಪ್ಪ ತಳ, ಮುಚ್ಚಳ ಇರಬೇಕು. ಹಸಿ ಕೋಸು ಗೋಪುರದ ಹಾಗೆ ಏರಿ ಕೂರುತ್ತದೆ, ಆಮೇಲೆ ಅರ್ಧಕ್ಕಿಳಿಯುತ್ತದೆ. ಊರಿಂದ ತಂದ ಬಾಣಲೆ ಸಾಲದಿದ್ದರೆ ಎರಡು ಕಂತಿನಲ್ಲಿ ಹಾಕಿ.

ಎಣ್ಣೆ, ಎರಡು ಚಮಚ ಬೆಣ್ಣೆ ಕಾದ ಮೇಲೆ ಈರುಳ್ಳಿ ಹಾಕಿ ಅಂಚು ಕಂದುವವರೆಗೆ ಬಾಡಿಸಿ. ಬೆಳ್ಳುಳ್ಳಿ, ಪ್ಯಾಪ್ರಿಕಾ, ಕೆಂಪುಮೆಣಸು ಅರ್ಧ ನಿಮಿಷ ಸಾಕು. ಪ್ಯಾಪ್ರಿಕಾ ಸೀದರೆ ಕಹಿಯಾಗುತ್ತದೆ, ಮೊದಲೇ ಉರಿ ತಗ್ಗಿಸಿ. ಈಗ ಕೋಸು, ಉಪ್ಪು, ಸಕ್ಕರೆ ಹಾಕಿ, ಒಮ್ಮೆ ತಿರುವಿ, ಉರಿ ಏರಿಸಿ ಮೂರು ನಾಲ್ಕು ನಿಮಿಷ ಸೌಟು ಮುಟ್ಟದೆ ಬಿಡಿ. ಇದು ನಮ್ಮ ಕೈಗೆ ಕಷ್ಟದ ಕೆಲಸ, ಕೈಯಾಡಿಸುತ್ತಲೇ ಇರುವುದು ಅಭ್ಯಾಸ. ಆದರೆ ತಳದ ತುಂಡುಗಳು ಅಲ್ಲಲ್ಲಿ ಕಂದಿದರೆ ಮಾತ್ರ ಆ ಸಿಹಿ ಬರುತ್ತದೆ. ಇನ್ನೊಮ್ಮೆ ತಿರುವಿ ಹಾಗೆಯೇ ಬಿಡಿ. ಆಮೇಲೆ ನೀರೋ ಬ್ರಾತೋ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ. ಹೆಚ್ಚು ನೀರು ಬೇಡ, ಕೋಸಿನಲ್ಲಿಯೇ ನೂರಕ್ಕೆ 92 ಪಾಲು ನೀರಿದೆ.

ದಿಂಡಿನ ಹತ್ತಿರದ ತುಂಡು ಚಮಚದ ತುದಿಗೆ ತುಂಡಾದರೆ ಬೆಂದಿದೆ ಎಂದರ್ಥ. ಮುಚ್ಚಳ ತೆಗೆದು ರಸ ಸ್ವಲ್ಪ ಇಂಗಲಿ, ಪೂರ್ತಿ ಒಣಗುವುದು ಬೇಡ. ಒಲೆ ಆರಿಸಿ ಉಳಿದ ಬೆಣ್ಣೆ, ಕರಿಮೆಣಸು, ವಿನೆಗರ್ ಬೆರೆಸಿ. ವಿನೆಗರ್ ಇಲ್ಲದಿದ್ದರೆ ನಿಂಬೆರಸ ಆದೀತು, ಹುಳಿ ಬಿಡುವುದು ಮಾತ್ರ ಬೇಡ. ಕುಕ್ಕರ್‌ಗೂ ಹಾಕಬೇಡಿ: ಅತಿಯಾಗಿ ಬೆಂದ ಕೋಸಿನಿಂದ ಗಂಧಕದ ವಾಸನೆ ಎದ್ದು ಅಪಾರ್ಟ್‌ಮೆಂಟಿನ ಮೊಗಸಾಲೆವರೆಗೆ ಹರಡುತ್ತದೆ.

ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಗಳಲ್ಲಿ ಸೆಲೆರಿ, ದೊಣ್ಣೆಮೆಣಸಿನಕಾಯಿ ಬಾಡಿಸಿ ಚಿಟಿಕೆ ಇಂಗು ಹಾಕಿಕೊಳ್ಳಿ. ಕೊಡಗಿನವರು, ಮಂಗಳೂರಿನ ಕ್ರೈಸ್ತ ಮನೆಯವರು ಬೇಕನ್ ಬಿಟ್ಟ ಈ ಪರ್ಯಾಯ ಓದಿ ನಗುತ್ತಿರಬಹುದು. ನಿಮಗೆ ಅಸಲು ದಾರಿ ತೆರೆದೇ ಇದೆ: ನಾಲ್ಕೈದು ಪಟ್ಟಿ ಬೇಕನ್ ಹೆಚ್ಚಿ ತಣ್ಣನೆಯ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಕೊಬ್ಬು ಬಿಡಿಸಿ, ಗರಿಗರಿಯಾದ ತುಂಡು ಎತ್ತಿಟ್ಟು, ಅದೇ ಕೊಬ್ಬಿನಲ್ಲಿ ಈರುಳ್ಳಿ ಬಾಡಿಸಿ. ಆಗ ಬೆಣ್ಣೆ ಬೇಕಿಲ್ಲ, ಉಪ್ಪೂ ಕಡಿಮೆ. ಹಂದಿ ಬೇಡದವರು ಹೊಗೆಯಾಡಿಸಿದ ಟರ್ಕಿ ಕೋಳಿಯ ರೆಕ್ಕೆ ಬಳಸುತ್ತಾರೆ, ಇಲ್ಲಿನವರಲ್ಲೂ ಅನೇಕರು ಈಗ ಅದನ್ನೇ ಬಳಸುವುದು. ಉಳಿದ ಕೊಬ್ಬನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ. ಖಾಲಿ ಡಬ್ಬಿಯಲ್ಲಿ ಆರಲು ಬಿಟ್ಟು ಕಸಕ್ಕೆ ಹಾಕಿ. ಕೋಸಿನ ದಿಂಡನ್ನೂ ಸಿಂಕಿನ ಕೆಳಗೆ ಕಸ ಅರೆಯುವ ಡಿಸ್ಪೋಸಲ್‌ಗೆ ತುರುಕಬೇಡಿ.

ಒಲೆಯ ವಿಷಯ. ಅಪಾರ್ಟ್‌ಮೆಂಟಿನ ಅನೇಕ ಒಲೆಗಳ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಕಳಿಸುವುದಿಲ್ಲ, ಸೋಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ. ಕೋಸು ಕಂದಿಸುವಾಗ ಕಿಟಕಿ ತೆರೆದಿಡಿ. ಹೊಗೆ ಅಲಾರಂ ಕೂಗಿತೆಂದು ಅದರ ಬ್ಯಾಟರಿ ಕಿತ್ತಿಡುವುದು, ಪ್ಲಾಸ್ಟಿಕ್ ಕಟ್ಟುವುದು ಖಂಡಿತ ಬೇಡ. ಅಪಾಯ ಒಂದು ಕಡೆಯಾದರೆ, ಬಾಡಿಗೆ ಕರಾರಿನ ಉಲ್ಲಂಘನೆಯೂ ಆದೀತು. ಗಾಜಿನ ಮೇಲ್ಮೈಯ ಒಲೆಯಾದರೆ ಬೀಡು ಕಬ್ಬಿಣದ ಬಾಣಲೆಯನ್ನು ಎಳೆಯಬೇಡಿ, ಎತ್ತಿಡಿ.

ಕೋಸು ಕೊಳ್ಳುವುದಕ್ಕೆ ಎರಡು ಸಮಯ ನೆನಪಿಡಿ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನದ ಆಸುಪಾಸು ಅಂಗಡಿಗಳು ತೀರಾ ಅಗ್ಗಕ್ಕೆ ಮಾರುತ್ತವೆ. ಇಡೀ ಕೋಸು ಫ್ರಿಜ್ಜಿನಲ್ಲಿ ವಾರಗಟ್ಟಲೆ ಕೆಡದೆ ಇರುತ್ತದೆ. ಇನ್ನೊಂದು ಜನವರಿ 1. ಅಂದು ಇಲ್ಲಿನವರು ಅಲಸಂದೆ ಕಾಳು, ಕೊಲಾರ್ಡ್ ಸೊಪ್ಪು ಇಲ್ಲವೇ ಕೋಸು, ಕಾರ್ನ್ ಬ್ರೆಡ್ ತಿನ್ನಲೇಬೇಕು. ಕಾಳು ನಾಣ್ಯ, ಹಸಿರೆಲೆ ನೋಟು, ರೊಟ್ಟಿ ಚಿನ್ನ ಎಂಬ ನಂಬಿಕೆ. ಅಕ್ಕಪಕ್ಕದ ಮನೆಯವರು ಅಂದು ಕರೆದರೆ ಈ ಕೋಸು ಒಯ್ಯಿರಿ. ಕಾರ್ನ್ ಬ್ರೆಡ್ ನೀವೇ ಮಾಡುವುದಾದರೆ ಬೇಕಾದದ್ದು ರವೆಯಂತಿರುವ ಕಾರ್ನ್ ಮೀಲ್. ಊರಿನಲ್ಲಿ ಕಾರ್ನ್ ಫ್ಲೋರ್ ಎಂದು ಕೊಳ್ಳುತ್ತಿದ್ದ ಬಿಳಿ ಪುಡಿ ಇಲ್ಲಿ ಕಾರ್ನ್ ಸ್ಟಾರ್ಚ್, ಅದರಿಂದ ರೊಟ್ಟಿ ಆಗದು. ಸಿದ್ಧ ಪೊಟ್ಟಣ ಕೊಂಡರೆ ಲಾರ್ಡ್ ಎಂಬ ಹೆಸರಿದೆಯೇ ನೋಡಿ, ಹಂದಿ ಕೊಬ್ಬು ಅದು.

ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್‌ಗೆ ಒಯ್ಯುವಾಗ ಪಾತ್ರೆಯ ಪಕ್ಕ ಚೀಟಿ ಇಡಿ: ಮಾಂಸ ಇಲ್ಲ, ಬೆಣ್ಣೆ ಇದೆ. ಇಲ್ಲಿ ಹಾಲಿನ ಅಲರ್ಜಿಯವರೂ, ಹಾಲು ಬೆಣ್ಣೆ ಮುಟ್ಟದ ವೀಗನ್‌ಗಳೂ ಇರುತ್ತಾರೆ. ಬೆಣ್ಣೆಯ ಬದಲು ಬರೀ ಎಣ್ಣೆಯಲ್ಲೂ ಚೆನ್ನಾಗಿಯೇ ಆಗುತ್ತದೆ. ಬಡಿಸಿದ ಮೇಲೆ ಎರಡು ಗಂಟೆಗಿಂತ ಹೊರಗಿಡಬೇಡಿ. ಉಳಿದದ್ದು ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಇರುತ್ತದೆ, ಫ್ರೀಜರ್‌ಗೆ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ. ಮಾರನೆಯ ದಿನ ಬಾಣಲೆಯಲ್ಲಿ ಬಿಸಿ ಮಾಡಿ ಚಪಾತಿಗೆ ಹಚ್ಚಿಕೊಳ್ಳಿ, ಅಥವಾ ಬಿಸಿ ಅನ್ನಕ್ಕೆ ಆ ರಸವನ್ನೂ ಸೇರಿಸಿ ಕಲಸಿ.