30 ಡಿಗ್ರಿ ನೀರಿನಲ್ಲಿ 1.000 ತೋರಿಸುವ ಹೈಡ್ರೋಮೀಟರನ್ನು ನಂಬಬೇಡಿ

ದ್ರವ ನೀರಿಗಿಂತ ಎಷ್ಟು ಸಾಂದ್ರ ಎಂದು ನೋಡಲು ಬಿಯರ್ ಮಾಡುವವರು ಅದರಲ್ಲಿ ತೇಲಿಬಿಡುವ ಗಾಜಿನ ಉಪಕರಣ ಹೈಡ್ರೋಮೀಟರ್. ಹೊಸದನ್ನು ತಂದವರು ಮೊದಲು ಮಾಡುವ ಕೆಲಸ ಅದನ್ನು ನಲ್ಲಿ ನೀರಿಗೆ ಇಳಿಬಿಡುವುದು. ಗೆರೆ 1.000ಕ್ಕೆ ನಿಂತರೆ ಸಮಾಧಾನ, 0.997ಕ್ಕೆ ನಿಂತರೆ ಹಾಳಾಗಿದೆ ಎಂಬ ತೀರ್ಮಾನ. ಮಂಗಳೂರು, ಉಡುಪಿಯ ಸೆಕೆಯಲ್ಲಿ ಈ ತೀರ್ಮಾನ ಹೆಚ್ಚಿನ ಸಲ ತಲೆಕೆಳಗಾಗಿರುತ್ತದೆ. ಇಲ್ಲಿ ಕೋಣೆಯಲ್ಲಿಟ್ಟ ನೀರು ವರ್ಷದ ಬಹುಪಾಲು 27ರಿಂದ 31 ಡಿಗ್ರಿ ಇರುತ್ತದೆ. 20 ಡಿಗ್ರಿಗೆ ಅಳತೆ ಹಾಕಿದ ಹೈಡ್ರೋಮೀಟರ್ 30 ಡಿಗ್ರಿಯ ಶುದ್ಧ ನೀರಿನಲ್ಲಿ 0.9975ರ ಆಸುಪಾಸಿನಲ್ಲೇ ನಿಲ್ಲಬೇಕು. ಅಲ್ಲಿ 1.000 ತೋರಿಸಿದರೆ ಅದು ಎರಡೂವರೆ ಪಾಯಿಂಟ್ ಹೆಚ್ಚು ತೋರಿಸುತ್ತಿದೆ ಎಂದರ್ಥ. ಪಾಯಿಂಟ್ ಎಂದರೆ 0.001.

ಒಂದು ಮಾತು ಮೊದಲೇ: ಕರ್ನಾಟಕದಲ್ಲಿ ಬಿಯರ್ ತಯಾರಿಸಲು 1965ರ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಬೇಕು, ಮನೆಯಲ್ಲಿ ಮಾಡಿದರೂ ಅದು ತಯಾರಿಕೆಯೇ. ಮನೆ ಬಿಯರಿಗೆ ಅವಕಾಶ ಇರುವ ದೇಶಗಳಲ್ಲಿರುವ ನಮ್ಮವರಿಗೂ ಇಲ್ಲಿ ಲೈಸೆನ್ಸ್ ಪಡೆದು ಕೆಲಸ ಮಾಡುವವರಿಗೂ ಪರೀಕ್ಷೆಯ ಕ್ರಮ ಒಂದೇ. ಅದಕ್ಕೆ ಬೇಕಾದದ್ದು ನೀರು ಮತ್ತು ಸಕ್ಕರೆ ಮಾತ್ರ.

ಹೈಡ್ರೋಮೀಟರಿನ ಮೇಲ್ಭಾಗದ ಗಾಜಿನ ಕಡ್ಡಿಯೊಳಗಿನ ಕಾಗದವನ್ನು ಬೆಳಕಿಗೆ ಹಿಡಿದು ಓದಿ. ಯಾವ ಉಷ್ಣತೆಗೆ ಅಳತೆ ಹಾಕಿದ್ದಾರೆ ಎಂದು ಅದರಲ್ಲೇ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್, ಇಲ್ಲವೇ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 15.6 ಸೆಲ್ಸಿಯಸ್. ಸ್ಕೇಲ್ 0.990ರಿಂದ 1.160ರವರೆಗೆ ಇದ್ದರೆ ಬಿಯರಿಗೆ ಸರಿ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಬರೀ ‘ಹೈಡ್ರೋಮೀಟರ್’ ಎಂದು ಕೇಳಿದರೆ ಬ್ಯಾಟರಿ ಆಸಿಡ್ ನೋಡುವುದನ್ನೋ ಹಾಲಿನ ಲ್ಯಾಕ್ಟೋಮೀಟರನ್ನೋ ಕೊಡುವುದುಂಟು. ಬ್ಯಾಟರಿಯದ್ದು 1.100ರಿಂದ ಮೇಲೆ ಶುರುವಾಗುತ್ತದೆ. ಲ್ಯಾಕ್ಟೋಮೀಟರ್ 1.040ರ ಹತ್ತಿರ ಮುಗಿದುಹೋಗುತ್ತದೆ. ಎರಡೂ ಕೆಲಸಕ್ಕೆ ಬರುವುದಿಲ್ಲ.

ನೀರು ಎಂಥದ್ದು ಎನ್ನುವುದು ಮುಖ್ಯ. ಡಿಸ್ಟಿಲ್ಡ್ ನೀರೇ ಒಳ್ಳೆಯದು. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅಲ್ಲೇ ಆಸಿಡ್ ಕ್ಯಾನೂ ಇರುವುದರಿಂದ ಲೇಬಲ್ ಓದಿಯೇ ತನ್ನಿ. ಮನೆಯ ಆರ್‌ಒ ನೀರೂ ನಡೆಯುತ್ತದೆ. ಕಡಲಿಗೆ ಹತ್ತಿರದ ಬಾವಿಗಳ ನೀರು ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗುತ್ತದಲ್ಲ, ಅದು ಬೇಡ. ಲೀಟರಿಗೆ ಒಂದು ಗ್ರಾಂ ಉಪ್ಪು ಕರಗಿದ್ದರೆ ಮುಕ್ಕಾಲು ಪಾಯಿಂಟ್ ಏರುತ್ತದೆ.

ಥರ್ಮಾಮೀಟರ್ ತಪ್ಪಿದ್ದರೆ ಮುಂದಿನದ್ದೆಲ್ಲ ತಪ್ಪು. ಐಸ್ ಪುಡಿ ಮಾಡಿ, ಅದರ ಸಂದು ತುಂಬುವಷ್ಟೇ ನೀರು ಹಾಕಿ, ಕಲಕಿ, ಎರಡು ನಿಮಿಷ ಬಿಡಿ: 0 ತೋರಿಸಬೇಕು. ಕುದಿಯುವ ನೀರಿನಲ್ಲಿ 100 ತೋರಿಸಬೇಕು. ನಾವು ಸಮುದ್ರ ಮಟ್ಟದಲ್ಲಿರುವುದರಿಂದ ಈ 100ನ್ನು ನಂಬಬಹುದು. ಘಟ್ಟ ಹತ್ತಿ ಮಡಿಕೇರಿಗೆ ಹೋದರೆ ನೀರು ಸುಮಾರು 96ಕ್ಕೇ ಕುದಿಯುತ್ತದೆ.

ಇನ್ನು ನೀರಿನ ಪರೀಕ್ಷೆ. ನೀರು, ಜಾರ್, ಹೈಡ್ರೋಮೀಟರ್, ಥರ್ಮಾಮೀಟರ್ ನಾಲ್ಕನ್ನೂ ಒಂದೇ ಮೇಜಿನ ಮೇಲೆ ರಾತ್ರಿಯಿಡೀ ಬಿಡಿ, ಎಲ್ಲದರ ಉಷ್ಣತೆಯೂ ಒಂದೇ ಆಗಲಿ. ಹೈಡ್ರೋಮೀಟರನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, ಸೋಪು ಪೂರ್ತಿ ಹೋಗುವವರೆಗೆ ನೀರು ಹಾಯಿಸಿ, ಒರೆಸಿ. ಆಮೇಲೆ ಕಡ್ಡಿಯ ತುತ್ತತುದಿಯನ್ನು ಮಾತ್ರ ಹಿಡಿಯಿರಿ. ತೆಂಗಿನೆಣ್ಣೆಯ ಕೈ ತಾಗಿದ ಕಡೆ ನೀರು ಗಾಜಿಗೆ ಸರಿಯಾಗಿ ಅಂಟುವುದಿಲ್ಲ, ಅಂಚು ಹರಿದ ಹಾಗೆ ಕಾಣುತ್ತದೆ, ಗೆರೆ ಓದಲು ಬರುವುದಿಲ್ಲ. ಜಾರ್ ಹೈಡ್ರೋಮೀಟರಿನ ದಪ್ಪ ಭಾಗಕ್ಕಿಂತ ಒಂದು ಸೆಂಟಿಮೀಟರಾದರೂ ಅಗಲ ಇರಲಿ.

ನಿಧಾನವಾಗಿ ಇಳಿಸಿ, ಬೆರಳಿನಿಂದ ಒಮ್ಮೆ ತಿರುಗಿಸಿ ಬಿಡಿ. ತಿರುಗುವಾಗ ಅಂಟಿದ ಗಾಳಿಗುಳ್ಳೆ ಉದುರುತ್ತದೆ. ಒಂದು ಗುಳ್ಳೆ ಉಳಿದರೂ ಅದು ಉಪಕರಣವನ್ನು ಎತ್ತುತ್ತದೆ, ರೀಡಿಂಗ್ ಹೆಚ್ಚು ಬರುತ್ತದೆ. ಗೋಡೆಗೆ ತಾಗದೆ ನಿಂತ ಮೇಲೆ ಕಣ್ಣನ್ನು ನೀರಿನ ಮಟ್ಟಕ್ಕೇ ತನ್ನಿ. ಗಾಜಿನ ಪಕ್ಕ ನೀರು ಸ್ವಲ್ಪ ಮೇಲಕ್ಕೆ ಹತ್ತಿರುತ್ತದೆ. ಆ ಹತ್ತಿದ ತುದಿಯನ್ನಲ್ಲ, ಸಪಾಟಾದ ಮಟ್ಟವನ್ನು ಓದಬೇಕು. ಕೆಲವು ಹೈಡ್ರೋಮೀಟರುಗಳನ್ನು ಮೇಲಿನ ಅಂಚು ಓದುವಂತೆ ಮಾಡಿರುತ್ತಾರೆ, ಹಾಗಿದ್ದರೆ ಕೈಪಿಡಿಯಲ್ಲೋ ಕಾಗದದಲ್ಲೋ ಬರೆದಿರುತ್ತದೆ. ಹೊರತೆಗೆದು ಒರೆಸಿ ಇನ್ನೆರಡು ಸಲ ಓದಿ. ಮೂರೂ ಅರ್ಧ ಪಾಯಿಂಟಿನೊಳಗೆ ಹೊಂದಬೇಕು.

ಶುದ್ಧ ನೀರಿನಲ್ಲಿ ಬರಬೇಕಾದ ಅಂಕಿಗಳು ಇವು. 20 ಡಿಗ್ರಿಯ ಹೈಡ್ರೋಮೀಟರಿಗೆ ನೀರು 26 ಡಿಗ್ರಿ ಇದ್ದರೆ 0.999, 28 ಇದ್ದರೆ 0.998, 30ಕ್ಕೆ 0.9975, 32ಕ್ಕೆ 0.997. 15.6 ಡಿಗ್ರಿಯದ್ದಕ್ಕೆ 28ರಲ್ಲಿ 0.9975, 30ರಲ್ಲಿ 0.997, 32ರಲ್ಲಿ 0.9965. ಇವಕ್ಕಿಂತ ಒಂದು ಪಾಯಿಂಟ್ ಆಚೀಚೆ ಬಂದರೆ ತಲೆಕೆಡಿಸಿಕೊಳ್ಳುವುದು ಬೇಡ. ಗೆರೆಗಳೇ ಎರಡೆರಡು ಪಾಯಿಂಟಿಗೆ ಒಂದರಂತೆ ಇರುವಾಗ ಕಣ್ಣು ಅದಕ್ಕಿಂತ ಸೂಕ್ಷ್ಮವಾಗಿ ಓದಲಾರದು.

ನೀರನ್ನೇ ಫ್ರಿಜ್ಜಿನಲ್ಲಿಟ್ಟು 20ಕ್ಕೆ ತಂದರೆ ಲೆಕ್ಕದ ಗೋಜಿಲ್ಲವಲ್ಲ ಎನ್ನಿಸಬಹುದು. ಒಣ ಹವೆಯ ಊರಿನಲ್ಲಿ ಅದು ಸರಿ. ಕರಾವಳಿಯ ಗಾಳಿಯಲ್ಲಿ 20 ಡಿಗ್ರಿಯ ಗಾಜು ಹೊರಗಿಟ್ಟ ಕೂಡಲೇ ಬೆವರುತ್ತದೆ. ತಣ್ಣಗಿನ ಹೈಡ್ರೋಮೀಟರಿನ ಕಡ್ಡಿಯ ಮೇಲೂ ಹನಿ ಕಟ್ಟುತ್ತದೆ. ಒಂದು ಹನಿ ನೀರು ಸುಮಾರು 50 ಮಿಲಿಗ್ರಾಂ. ಹೈಡ್ರೋಮೀಟರ್ 25 ಗ್ರಾಂ ತೂಗುವುದಾದರೆ ಆ ಒಂದೇ ಹನಿ ಅದನ್ನು ಎರಡು ಪಾಯಿಂಟ್ ಕೆಳಕ್ಕೆ ಒತ್ತುತ್ತದೆ, ಅಂದರೆ ನೀವು ತಪ್ಪಿಸಲು ಹೊರಟ ತಿದ್ದುಪಡಿಯಷ್ಟೇ ತಪ್ಪು ಇನ್ನೊಂದು ಬಾಗಿಲಿನಿಂದ ಒಳಬರುತ್ತದೆ. ಆದ್ದರಿಂದ ಇಲ್ಲಿ ಕೋಣೆಯ ಉಷ್ಣತೆಯಲ್ಲೇ ಓದಿ ತಿದ್ದಿಕೊಳ್ಳುವುದೇ ಮೇಲು.

ನೀರಿನಲ್ಲಿ ಸರಿ ಬಂದ ಮಾತ್ರಕ್ಕೆ ವರ್ಟಿನಲ್ಲಿ, ಅಂದರೆ ಹುದುಗಿ ಬಿಯರ್ ಆಗುವ ಮೊದಲಿನ ಸಿಹಿ ರಸದಲ್ಲಿ, ಸರಿ ಬರುತ್ತದೆ ಎನ್ನಲಾಗದು. ಹುದುಗುವ ಮೊದಲಿನ ರೀಡಿಂಗ್ 1.040ರಿಂದ 1.060ರ ನಡುವೆ ಇರುವಾಗ ಅಲ್ಲಿಯೇ ಪರೀಕ್ಷಿಸಬೇಕು. ಅದಕ್ಕೆ ಸಕ್ಕರೆ ದ್ರಾವಣ. ತೂಕದಲ್ಲಿ 10 ಪಾಲು ಸಕ್ಕರೆ, 90 ಪಾಲು ನೀರು ಇದ್ದರೆ 20 ಡಿಗ್ರಿಯಲ್ಲಿ ಗ್ರ್ಯಾವಿಟಿ, ಅಂದರೆ ಹೈಡ್ರೋಮೀಟರ್ ತೋರಿಸುವ ಅಂಕಿ, 1.040. 15 ಪಾಲಿಗೆ 1.061, 20 ಪಾಲಿಗೆ 1.083.

ತುಂಬ ಜನ ಎಡವುವುದು ಇಲ್ಲೇ. ಒಂದು ಲೀಟರ್ ನೀರಿಗೆ 100 ಗ್ರಾಂ ಸಕ್ಕರೆ ಹಾಕಿದರೆ ಅದು ಶೇಕಡಾ 10 ಅಲ್ಲ, 9.1. ಗ್ರ್ಯಾವಿಟಿ 1.036ಕ್ಕೆ ನಿಲ್ಲುತ್ತದೆ, ಪಾಪದ ಹೈಡ್ರೋಮೀಟರಿಗೆ ಬೈಗುಳ. 100 ಗ್ರಾಂ ಸಕ್ಕರೆಗೆ 900 ಗ್ರಾಂ ನೀರು, ನೀರನ್ನೂ ತಕ್ಕಡಿಯಲ್ಲೇ ತೂಗಿ. ಜಾರ್ ತುಂಬಲು 250 ಮಿಲಿ ಸಾಕಾದರೂ ಒಂದು ಕಿಲೋ ದ್ರಾವಣ ಮಾಡುವುದಕ್ಕೆ ಕಾರಣವಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ಗ್ರಾಂ ತಪ್ಪಬಹುದು. 25 ಗ್ರಾಂ ಸಕ್ಕರೆಯಲ್ಲಿ ಒಂದು ಗ್ರಾಂ ತಪ್ಪಿದರೆ ರೀಡಿಂಗ್ ಒಂದೂವರೆ ಪಾಯಿಂಟ್ ಹೋಗುತ್ತದೆ, 100 ಗ್ರಾಮಿನಲ್ಲಿ ಅರ್ಧ ಪಾಯಿಂಟೂ ಇಲ್ಲ.

ಬಿಳಿ ಸಕ್ಕರೆಯೇ ಇರಲಿ. ಬೆಲ್ಲದಲ್ಲಿ ನೀರಿನಂಶ ಒಂದೊಂದು ಅಚ್ಚಿಗೆ ಒಂದೊಂದು ಥರ, ಅದರಿಂದ ಯಾವ ಪರೀಕ್ಷೆಯೂ ಆಗದು. ಮಳೆಗಾಲದಲ್ಲಿ ಡಬ್ಬದ ಸಕ್ಕರೆ ತೇವ ಹೀರಿ ಗಂಟುಕಟ್ಟಿರುತ್ತದೆ, ಆಗ ಹೊಸ ಪ್ಯಾಕೆಟ್ ಒಡೆಯಿರಿ. ಬಿಸಿ ಮಾಡಿ ಕರಗಿಸಬೇಡಿ, ನೀರು ಆವಿಯಾಗಿ ತೂಕ ಕೆಡುತ್ತದೆ. ಮುಚ್ಚಳದ ಬಾಟಲಿಯಲ್ಲಿ ಹಾಕಿ ಅಲ್ಲಾಡಿಸಿ, ತಳದಲ್ಲಿ ಒಂದು ಹರಳೂ ಉಳಿಯಬಾರದು, ಗುಳ್ಳೆ ಆರುವವರೆಗೆ ಬಿಡಿ.

20 ಡಿಗ್ರಿಯ ಹೈಡ್ರೋಮೀಟರ್ ಈ ಶೇಕಡಾ 10ರ ದ್ರಾವಣದಲ್ಲಿ, 30 ಡಿಗ್ರಿಯಲ್ಲಿ, 1.0375 ತೋರಿಸಬೇಕು. ಶೇಕಡಾ 20ರದ್ದರಲ್ಲಿ 1.080. 15.6 ಡಿಗ್ರಿಯದ್ದಾದರೆ ಎರಡರಲ್ಲೂ ಇನ್ನರ್ಧ ಪಾಯಿಂಟ್ ಕಡಿಮೆ.

ಈಗ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನೀರಿನಲ್ಲೂ ಸಕ್ಕರೆಯಲ್ಲೂ ಮೂರು ಪಾಯಿಂಟ್ ಹೆಚ್ಚೇ ಬಂದರೆ ಕಾಗದ ಸರಿದಿದೆ, ಇಲ್ಲವೇ ಗಾಜಿನ ಚೂರು ಹಾರಿ ತೂಕ ಕಡಿಮೆಯಾಗಿದೆ. ಅದನ್ನು ಬಿಸಾಡಬೇಕಿಲ್ಲ, ಪ್ರತಿ ಸಲ ಮೂರು ಕಳೆದರಾಯಿತು. ಮದ್ಯದ ಪ್ರಮಾಣ ಲೆಕ್ಕ ಹಾಕುವಾಗ ಮೊದಲ ರೀಡಿಂಗಿನಿಂದ ಕೊನೆಯದನ್ನು ಕಳೆದು 131.25ರಿಂದ ಗುಣಿಸುತ್ತೇವೆ. ಕಳೆಯುವಾಗಲೇ ಈ ತಪ್ಪು ಎರಡೂ ಕಡೆಯಿಂದ ಹೊರಟುಹೋಗುತ್ತದೆ. ಆದರೆ ಹುದುಗಿದ ಬಿಯರ್ 1.010ಕ್ಕೆ ಇಳಿದಿದೆಯೇ, 1.013ಕ್ಕೇ ನಿಂತಿದೆಯೇ ಎಂದು ನೋಡುವಾಗ ಅದೇ ಮೂರು ಪಾಯಿಂಟ್ ದಾರಿ ತಪ್ಪಿಸುತ್ತದೆ. ನೀರಿನಲ್ಲಿ ಸರಿ ಇದ್ದು ಸಕ್ಕರೆಯಲ್ಲಿ ತಪ್ಪಿದರೆ ಸ್ಕೇಲಿನ ಗೆರೆಗಳೇ ಸರಿಯಿಲ್ಲ. ಮೂರು ದ್ರಾವಣದ ಅಂಕಿಗಳನ್ನೂ ಬರೆದಿಟ್ಟುಕೊಂಡು ನಡುವಿನದ್ದಕ್ಕೆ ಅಂದಾಜು ಮಾಡಬೇಕಾಗುತ್ತದೆ. ಅಷ್ಟು ಕಷ್ಟಪಡುವುದಕ್ಕಿಂತ ಹೊಸದು ತರುವುದೇ ವಾಸಿ.

ತಪ್ಪು ದಿನದಿನಕ್ಕೆ ಬದಲಾದರೂ ಕೈಬಿಡಿ. ಕಾಗದ ಒಳಗೆ ಸಡಿಲವಾಗಿದೆ ಎಂದರ್ಥ. ಕುದಿಯುವ ವರ್ಟಿಗೆ ಹೈಡ್ರೋಮೀಟರ್ ಇಳಿಸುವವರಿಗೆ ಇದು ಬೇಗ ಆಗುತ್ತದೆ, ಬಿಸಿಗೆ ಅಂಟು ಬಿಡುತ್ತದೆ. 50 ಡಿಗ್ರಿಯ ವರ್ಟಿನಲ್ಲಿ ಓದಿದರೆ ಹತ್ತು ಪಾಯಿಂಟಿನಷ್ಟು ಕಡಿಮೆ ಕಾಣುವುದು ಬೇರೆ. ಇನ್ನು ಹುದುಗುತ್ತಿರುವ ಬಿಯರಿನ ಸ್ಯಾಂಪಲ್ಲನ್ನು ಎರಡು ಲೋಟಗಳ ನಡುವೆ ಹತ್ತು ಸಲ ಚಹಾ ಆರಿಸುವ ಹಾಗೆ ಎತ್ತಿ ಹೊಯ್ದು, ಗ್ಯಾಸ್ ಹೋಗಿ ನೊರೆ ಇಳಿದ ಮೇಲೆಯೇ ಓದಿ.

ಕಡ್ಡಿಯ ತುದಿಗೆ ನೈಲ್ ಪಾಲಿಶ್ ಹಚ್ಚಿ ತೂಕ ಸರಿದೂಗಿಸುವ ಉಪಾಯವೂ ಇದೆ. 25 ಗ್ರಾಮಿನ ಉಪಕರಣಕ್ಕೆ ಒಂದು ಪಾಯಿಂಟಿಗೆ 25 ಮಿಲಿಗ್ರಾಂ ಬೇಕು, ಅಷ್ಟನ್ನು ಅಳೆದು ಹಚ್ಚುವುದು ಕಷ್ಟ, ಮೇಲಾಗಿ ಅದು ತೊಳೆಯುವಾಗ ಚಕ್ಕೆ ಏಳುತ್ತದೆ. ಡಬ್ಬಿಯ ಮೇಲೆ ಟೇಪ್ ಅಂಟಿಸಿ ‘30ರಲ್ಲಿ ನೀರು 1.0005, ಮೂರು ಕಳೆಯಿರಿ’ ಎಂದು ದಿನಾಂಕ ಸಮೇತ ಬರೆದಿಡಿ. ಉಪಕರಣ ಎಲ್ಲಿಗಾದರೂ ತಾಗಿದ ದಿನ ಮತ್ತೆ ನೀರಿಗಿಳಿಸಿ ಆ ಅಂಕಿಯೇ ಬರುತ್ತದೆಯೇ ನೋಡಿ.