ಉಗಿ ಇಂಜಿನ್ ಮಾದರಿಗೆ ಬೇರೆ ಟೆಂಡರ್ ಜೋಡಿಸುವುದು ಹೇಗೆ

ಉಗಿ ಇಂಜಿನ್ ಮಾದರಿಯೊಂದರ ರೂಪ ಬದಲಿಸಬೇಕು ಅಂದರೆ ಎಲ್ಲರ ಕಣ್ಣು ಮೊದಲು ಬಾಯ್ಲರ್ ಮೇಲೆ ಹೋಗುತ್ತದೆ. ಚಿಮಣಿ, ಗುಮ್ಮಟ, ಪೈಪು ಕಿತ್ತು ಬೇರೆ ಅಂಟಿಸುವ ಆಸೆ. ನಾನು ಹೇಳುವುದು, ಇಂಜಿನ್ ಮುಟ್ಟಲೇ ಬೇಡಿ. ಹಿಂದಿನ ಟೆಂಡರ್, ಅಂದರೆ ಇಂಜಿನ್ನಿಗೆ ಬೇಕಾದ ಇಂಧನ, ನೀರು ಹೊತ್ತು ಅದರ ಬೆನ್ನಿಗೇ ಬರುವ ಗಾಡಿ, ಅದನ್ನು ಬದಲಿಸಿ. ಕೊಯ್ಯುವುದು ಕಡಿಮೆ, ಕಾಣುವ ವ್ಯತ್ಯಾಸ ಜಾಸ್ತಿ.

ಇದು ಸುಮ್ನೆ ಕಲ್ಪನೆಯ ಆಟವೂ ಅಲ್ಲ. ನಿಜವಾದ ರೈಲ್ವೆ ಕಾರ್ಖಾನೆಗಳೂ ಹೀಗೇ ಮಾಡುತ್ತಿದ್ದವು. ಟೆಂಡರ್ ರಿಪೇರಿ ಬೇಗ ಮುಗಿಯುತ್ತಿತ್ತು, ಬಾಯ್ಲರ್ ಕೆಲಸ ತಿಂಗಳುಗಟ್ಟಲೆ ಎಳೆಯುತ್ತಿತ್ತು. ಇಂಜಿನ್ ಹೊರಡುವ ಹೊತ್ತಿಗೆ ಯಾವ ಟೆಂಡರ್ ಸಿದ್ಧವಿದೆಯೋ ಅದನ್ನೇ ಕಟ್ಟಿ ಕಳಿಸುತ್ತಿದ್ದರು. ಬ್ರಿಟನ್ನಿನ ಗ್ರೇಟ್ ವೆಸ್ಟರ್ನ್ ರೈಲ್ವೆಯಲ್ಲಿ ಟೆಂಡರ್‌ಗಳಿಗೆ ಅವುಗಳದ್ದೇ ನಂಬರ್ ಇರುತ್ತಿತ್ತು.

ಹಾಗಂತ ಕೈಗೆ ಸಿಕ್ಕಿದ್ದನ್ನೆಲ್ಲ ಕಟ್ಟಬೇಡಿ. ಆ ಇಂಜಿನ್ ಎಂಥ ದಾರಿಯಲ್ಲಿ ಓಡುತ್ತಿತ್ತು ಅನ್ನುವುದನ್ನು ಟೆಂಡರ್ ಹೇಳುತ್ತದೆ. ನ್ಯೂಯಾರ್ಕ್ ಸೆಂಟ್ರಲ್‌ನ ನಯಾಗರಾ ಇಂಜಿನ್ನಿನ ಟೆಂಡರ್‌ನಲ್ಲಿ ಸುಮಾರು 42 ಟನ್ ಕಲ್ಲಿದ್ದಲು, ಆದರೆ ನೀರು ಸುಮಾರು 68,000 ಲೀಟರ್ ಅಷ್ಟೇ. ಹಳಿಗಳ ನಡುವಿನ ತೊಟ್ಟಿಗಳಿಂದ ಓಡುತ್ತಲೇ ನೀರು ಎತ್ತಿಕೊಳ್ಳುವ ವ್ಯವಸ್ಥೆ ಆ ದಾರಿಯಲ್ಲಿತ್ತು. ಯೂನಿಯನ್ ಪೆಸಿಫಿಕ್‌ನ ಬಿಗ್ ಬಾಯ್‌ಗೆ ಆ ಅನುಕೂಲ ಇರಲಿಲ್ಲ. ಅದರ ಹದಿನಾಲ್ಕು ಗಾಲಿಯ ಟೆಂಡರ್ ಸುಮಾರು 91,000 ಲೀಟರ್ ನೀರು ಹೊರುತ್ತಿತ್ತು, ಕಲ್ಲಿದ್ದಲು ಸುಮಾರು 25 ಟನ್. ಎರಡನ್ನೂ ಅದಲುಬದಲು ಮಾಡಿ ನೋಡಿ, ತಿಳಿದವರು ದೂರದಿಂದಲೇ ನಗುತ್ತಾರೆ.

ಉರುಟು ಟ್ಯಾಂಕಿನ ವ್ಯಾಂಡರ್‌ಬಿಲ್ಟ್ ಟೆಂಡರ್ ಬೇಕಿದ್ದರೆ ಸದರ್ನ್ ಪೆಸಿಫಿಕ್‌ನಂಥ ಕಂಪನಿಯ ಇಂಜಿನ್ ಹುಡುಕಿ. ಎಣ್ಣೆ ಉರಿಸುವ ಇಂಜಿನ್ ಹಿಂದೆ ಕಲ್ಲಿದ್ದಲು ರಾಶಿ ಇರಕೂಡದು. ಯಾರ್ಡಿನಲ್ಲಿ ಹಿಂದೆ ಮುಂದೆ ಓಡಾಡುವ ಪುಟ್ಟ ಇಂಜಿನ್‌ಗೆ ಹಿಂಭಾಗ ಇಳಿಜಾರಾಗಿರುವ ಟೆಂಡರ್ ಚೆಂದ, ಚಾಲಕನಿಗೆ ಹಿಂದಿನದು ಕಾಣಲಿ ಅಂತಲೇ ಆ ಆಕಾರ. ಜರ್ಮನ್ ಮಾದರಿಗಳಲ್ಲಿ ಒಂದು ಸುಖವಿದೆ. ಟೆಂಡರ್ ಹೆಸರಿನಲ್ಲೇ ನೀರಿನ ಲೆಕ್ಕ ಇರುತ್ತದೆ. ಟಿ26 ಅಂದರೆ 26 ಘನ ಮೀಟರ್, ಟಿ30 ಅಂದರೆ 30. ಯುದ್ಧಕಾಲದ 52ನೇ ವರ್ಗದ ಇಂಜಿನ್ನಿನ ಹಿಂದೆ ಕಾಣುವ ತೊಟ್ಟಿಯಾಕಾರದ್ದು ಈ ಟಿ30.

ನನಗೆ ತುಂಬ ಇಷ್ಟವಾದ ಜೋಡಿ ಬ್ರಿಟನ್ನಿನ ಎಲ್‌ಎಂಎಸ್ (ಲಂಡನ್, ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್) ರೈಲ್ವೆಯದು. ಅಲ್ಲಿನ ಜುಬಿಲಿ ವರ್ಗದ ಕೆಲವು ಇಂಜಿನ್‌ಗಳಿಗೆ ಹಳೆಯ ಫೌಲರ್ ವಿನ್ಯಾಸದ ಟೆಂಡರ್ ಇತ್ತು. ಚಾಲಕ ನಿಲ್ಲುವ ಕ್ಯಾಬ್ ಅಗಲ, ಟೆಂಡರ್ ಕಿರಿದು. ನೋಡಿದವರು ನೀವೇ ತಪ್ಪು ಮಾಡಿದಿರಿ ಅಂದುಕೊಳ್ಳುತ್ತಾರೆ, ಆಗ ಫೋಟೋ ತೋರಿಸುವ ಮಜಾನೇ ಬೇರೆ. ಅದಕ್ಕೇ ಹೇಳುವುದು: ನೀವು ಹಾಕಲಿರುವ ನಂಬರಿನ ಇಂಜಿನ್ನಿನದೇ, ನಿಮಗೆ ಬೇಕಾದ ವರ್ಷದ್ದೇ ಒಂದು ಫೋಟೋ ಹುಡುಕಿ ಇಟ್ಟುಕೊಳ್ಳಿ.

ಅಳತೆಯಲ್ಲೂ ಹುಷಾರು. ಎಚ್‌ಒ ಅನ್ನುವ ಅಳತೆಯ ಮಾದರಿ 1:87, ಅಂದರೆ ಅಸಲಿಯ 87ರಲ್ಲಿ ಒಂದು ಪಾಲು; ಬ್ರಿಟಿಷ್ ಒಒ ಅಳತೆ 1:76. ಎರಡೂ ಓಡುವುದು 16.5 ಮಿಮೀ ಹಳಿಯ ಮೇಲೆ. ಹಳಿಗೆ ಸರಿಯಾಗಿ ಕೂತಿತು ಅಂತ ಎಚ್‌ಒ ಇಂಜಿನ್ ಹಿಂದೆ ಒಒ ಟೆಂಡರ್ ಕಟ್ಟಿದರೆ ಟೆಂಡರೇ ಇಂಜಿನ್ನನ್ನು ನುಂಗುವ ಹಾಗೆ ಕಾಣುತ್ತದೆ.

ಈಗ ಸ್ಕ್ರೂಡ್ರೈವರ್ ತೆಗೆಯುವ ಮೊದಲು ಒಂದು ಪ್ರಶ್ನೆ: ಮೋಟಾರ್ ಎಲ್ಲಿದೆ? ಹಲವು ಯುರೋಪಿಯನ್ ಮಾದರಿಗಳಲ್ಲಿ ಅದು ಟೆಂಡರ್ ಒಳಗೇ ಇರುತ್ತದೆ, ಇಂಜಿನ್ ಸುಮ್ನೆ ತಳ್ಳಿಸಿಕೊಂಡು ಹೋಗುತ್ತದೆ. ಅಂಥದ್ದರ ಟೆಂಡರ್ ಬದಲಿಸಿದರೆ ಓಡುವ ಶಕ್ತಿಯನ್ನೇ ತೆಗೆದ ಹಾಗೆ. ಅದರ ಮೇಲ್ಭಾಗದ ಕವಚ ಮಾತ್ರ ಬದಲಿಸಬಹುದೇ ನೋಡಿ, ಇಲ್ಲದಿದ್ದರೆ ಬೇರೆ ಇಂಜಿನ್ ಆರಿಸಿ.

ಮುಂದಿನದು ಕರೆಂಟ್. ಇಲ್ಲಿ ನಿಧಾನ ಮಾಡಿ. ಹಳೆಯ ಹಿತ್ತಾಳೆ ಮಾದರಿಗಳಲ್ಲಿ ಇಂಜಿನ್ ಬಲಗಡೆಯ ಹಳಿಯಿಂದ, ಟೆಂಡರ್ ಎಡಗಡೆಯ ಹಳಿಯಿಂದ ಕರೆಂಟ್ ಎತ್ತಿಕೊಳ್ಳುವುದು ರೂಢಿ. ಎರಡರಲ್ಲೂ ಒಂದು ಬದಿಯ ಗಾಲಿಗಳಿಗೆ ಮಾತ್ರ ಇನ್ಸುಲೇಶನ್ ಇರುತ್ತದೆ. ನಡುವಿನ ಡ್ರಾಬಾರ್ ಬರೀ ಕೊಂಡಿಯಲ್ಲ, ತಂತಿಯೂ ಹೌದು. ಹೊಸ ಟೆಂಡರ್‌ನ ಇನ್ಸುಲೇಶನ್ ಬದಿ ತಿರುಗುಮುರುಗಾಗಿದ್ದರೆ ಮೋಟಾರ್‌ಗೆ ಎರಡೂ ಕಡೆಯಿಂದ ಒಂದೇ ಹಳಿಯ ಕರೆಂಟ್ ಬರುತ್ತದೆ, ಇಂಜಿನ್ ಅಲುಗಾಡುವುದಿಲ್ಲ. ಇಂಜಿನ್ ಚಾಸಿಗೆ ಟೆಂಡರ್‌ನ ಲೋಹ ನೇರವಾಗಿ ತಾಗಿದರಂತೂ ಶಾರ್ಟ್.

ಹಾಗಾಗಿ ಮಲ್ಟಿಮೀಟರನ್ನು ಬಜರ್‌ಗೆ ತಿರುಗಿಸಿ, ಒಂದು ಮೊನೆ ಟೆಂಡರ್‌ನ ಲೋಹದ ತಳಕ್ಕೆ, ಇನ್ನೊಂದನ್ನು ಪ್ರತಿ ಗಾಲಿಗೂ ಇಟ್ಟು ನೋಡಿ. ಒಂದು ಬದಿಯ ಗಾಲಿಗಳೆಲ್ಲ ಕೂಗಬೇಕು, ಇನ್ನೊಂದು ಬದಿ ಪೂರಾ ಸುಮ್ಮನಿರಬೇಕು. ಬದಿ ತಪ್ಪಾಗಿದ್ದರೆ ಅಚ್ಚುಗಳನ್ನು ಕಳಚಿ ತಿರುಗಿಸಿ ಹಾಕಿದರೆ ಮುಗಿಯಿತು. ಹಳಿಯ ಮೇಲೆ ಮೊದಲ ಸಲ ಇಡುವಾಗ ಹಳಿಗೆ ಹೋಗುವ ಒಂದು ತಂತಿಯ ನಡುವೆ 12 ವೋಲ್ಟಿನ ಕಾರ್ ಬಲ್ಬ್ ಸೇರಿಸಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ, ಮಾದರಿ ಉಳಿಯುತ್ತದೆ.

ಡಿಸಿಸಿ (ಹಳಿಯ ಮೂಲಕ ಡಿಜಿಟಲ್ ಆಜ್ಞೆ ಕಳಿಸಿ ಓಡಿಸುವ ವ್ಯವಸ್ಥೆ) ಇರುವ ಹೊಸ ಮಾದರಿಗಳಲ್ಲಿ ಆ ಆಜ್ಞೆ ಓದುವ ಡೀಕೋಡರ್ ಮತ್ತು ಸ್ಪೀಕರ್ ಹೆಚ್ಚಾಗಿ ಟೆಂಡರ್‌ನಲ್ಲೇ ಇರುತ್ತವೆ. ಹೊಸ ಟೆಂಡರ್‌ನ ಒಳಗಿನ ಜಾಗ ಅಳೆದುಕೊಳ್ಳಿ. ಉರುಟು ಟ್ಯಾಂಕಿನಲ್ಲಿ ಚೌಕದ ಸ್ಪೀಕರ್ ಕೂರಿಸುವುದು ತಲೆನೋವು. ಡೀಕೋಡರ್ ತಂತಿಗಳ ಬಣ್ಣಕ್ಕೆ ನಿಯಮವಿದೆ: ಕೆಂಪು ಬಲ ಹಳಿ, ಕಪ್ಪು ಎಡ ಹಳಿ, ಕಿತ್ತಳೆ ಮತ್ತು ಬೂದು ಮೋಟಾರ್‌ಗೆ. ಆದರೆ ಇಂಜಿನ್ ಟೆಂಡರ್ ನಡುವಿನ ಪ್ಲಗ್ ತಂತಿಗಳು ಈ ನಿಯಮ ಪಾಲಿಸುತ್ತವೆ ಅಂತ ನಂಬಬೇಡಿ. ಒಂದೊಂದು ಪಿನ್ನನ್ನೂ ಮೀಟರ್‌ನಲ್ಲಿ ಪರೀಕ್ಷಿಸಿ ಬರೆದಿಟ್ಟುಕೊಳ್ಳಿ.

ಇನ್ನು ಡ್ರಾಬಾರ್. ಇಡೀ ಕೆಲಸ ಚೆಂದ ಕಾಣುವುದೋ ಇಲ್ಲವೋ ಅನ್ನುವುದು ಇದರ ಮೇಲಿದೆ. ಕ್ಯಾಬ್ ಮತ್ತು ಟೆಂಡರ್ ನಡುವಿನ ಕಂದರ ದೊಡ್ಡದಾದಷ್ಟೂ ಅದು ಆಟಿಕೆ ಅನ್ನಿಸುತ್ತದೆ. ತೀರ ಹತ್ತಿರ ತಂದರೆ ತಿರುವಿನಲ್ಲಿ ಒಳಬದಿಯ ಮೂಲೆಗಳು ಗುದ್ದುತ್ತವೆ. ಲೋಹ ಮುಟ್ಟುವ ಮೊದಲು ದಪ್ಪ ರಟ್ಟಿನ ಪಟ್ಟಿಯೊಂದರಲ್ಲಿ ಒಂದು ತುದಿಗೆ ಒಂದು ತೂತು, ಇನ್ನೊಂದು ತುದಿಗೆ ಸ್ವಲ್ಪ ಸ್ವಲ್ಪ ಅಂತರದಲ್ಲಿ ಮೂರು ನಾಲ್ಕು ತೂತು ಮಾಡಿ. ನಿಮ್ಮ ಹಳಿಯ ಅತಿ ಬಿಗಿ ತಿರುವಿನಲ್ಲಿ, ಎಸ್ ತಿರುವಿನಲ್ಲಿ, ಹಳಿ ಕವಲೊಡೆಯುವ ಪಾಯಿಂಟ್ಸ್ ಮೇಲೆ ಕೈಯಿಂದ ಓಡಿಸಿ ನೋಡಿ. ಎಳೆದು ನೋಡಿದರೆ ಸಾಲದು, ಹಿಂದಕ್ಕೆ ತಳ್ಳಿಯೂ ನೋಡಿ. ತಳ್ಳುವಾಗ ತೂತುಗಳ ಸಡಿಲವೆಲ್ಲ ಮುಚ್ಚಿಕೊಂಡು ಕಂದರ ಕಿರಿದಾಗುತ್ತದೆ. ತಗುಲದೆ ಓಡುವ ಅತಿ ಗಿಡ್ಡ ಅಳತೆ ಯಾವುದೋ ಅದೇ ನಿಮ್ಮದು.

ಅಸಲಿ ಪಟ್ಟಿಯನ್ನು ಹಿತ್ತಾಳೆ ತಗಡಿನಲ್ಲಿ ಮಾಡಬಹುದು. ನನಗೆ ಸರ್ಕ್ಯೂಟ್ ಬೋರ್ಡಿನ ತುಂಡೇ ಇಷ್ಟ. ಒಂದು ಮೈಯಲ್ಲಿ ತಾಮ್ರ ಕರೆಂಟ್ ಒಯ್ಯುತ್ತದೆ, ಇನ್ನೊಂದು ಮೈ ತಾನೇ ಇನ್ಸುಲೇಟರ್. ಎರಡು ಕಡೆಯ ಪಿನ್ನುಗಳ ಎತ್ತರ ಬೇರೆಯಾಗಿದ್ದರೆ ಮಾತ್ರ ಹಿತ್ತಾಳೆ ಬೇಕು, ಅದನ್ನು ಮೆಟ್ಟಿಲಿನ ಹಾಗೆ ಬಗ್ಗಿಸಬಹುದು. ಓರೆಯಾದ ಡ್ರಾಬಾರ್ ಟೆಂಡರ್‌ನ ಮುಂದಿನ ಗಾಲಿಗಳನ್ನು ಎತ್ತಿ ಹಳಿ ತಪ್ಪಿಸುತ್ತದೆ. ಉಳಿದ ಕಂದರದ ಮೇಲೆ ತೆಳು ತಗಡಿನ ಹಾಸು ಹಾಕಿ. ಕ್ಯಾಬ್ ಕಡೆ ಮಾತ್ರ ಅಂಟಿಸಿ, ಟೆಂಡರ್ ಮೇಲೆ ಅದು ಸುಮ್ನೆ ಒರಗಿರಲಿ.

ತೂಕಕ್ಕೆ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ವ್ಯಾಗನ್‌ಗಳಿಗೆ ಕೊಟ್ಟ ಲೆಕ್ಕವೇ ಸಾಕು: ಎಚ್‌ಒನಲ್ಲಿ 28 ಗ್ರಾಂ, ಮೇಲೆ ಪ್ರತಿ ಅಂಗುಲ ಉದ್ದಕ್ಕೆ 14 ಗ್ರಾಂ. ನಾಲ್ಕು ಅಂಗುಲದ ಟೆಂಡರ್‌ಗೆ 84 ಗ್ರಾಂ ಆಯಿತು. ಹಗುರವಿದ್ದರೆ ಗಾಲಿ ಕರೆಂಟ್ ಸರಿಯಾಗಿ ಎತ್ತುವುದಿಲ್ಲ, ಜಾಸ್ತಿಯಾದರೆ ಹಿಂದಿನ ಡಬ್ಬಿಗಳನ್ನು ಎಳೆಯುವ ಶಕ್ತಿ ಟೆಂಡರ್‌ಗೇ ಖರ್ಚಾಗುತ್ತದೆ. ಡಬ್ಬಿಗಳನ್ನು ಕಟ್ಟುವ ಹಿಂದಿನ ಕೊಂಡಿ, ಅಂದರೆ ಕಪ್ಲರ್‌ನ ಎತ್ತರವನ್ನು ಗೇಜ್ ಇಟ್ಟು ಸರಿ ಮಾಡಿ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಕಂಪನಿಗಳ ಕಪ್ಪು ಒಂದೇ ಕಪ್ಪಲ್ಲ, ಆದ್ದರಿಂದ ಇಂಜಿನ್ ಮತ್ತು ಟೆಂಡರ್ ಎರಡಕ್ಕೂ ಒಟ್ಟಿಗೆ ಒಂದು ಪದರ ಮ್ಯಾಟ್ ವಾರ್ನಿಷ್, ಸ್ವಲ್ಪ ಧೂಳಿನ ಬಣ್ಣ ಹೊಡೆಯಿರಿ. ನಂಬರ್ ಅಂಟಿಸುವ ಮೊದಲು ಮತ್ತೆ ಫೋಟೋ ನೋಡಿ. ಎಲ್‌ಎಂಎಸ್‌ನಲ್ಲಿ 1928ರ ಸುಮಾರಿನವರೆಗೂ ಪ್ರಯಾಣಿಕರ ಗಾಡಿಯ ಇಂಜಿನ್ ನಂಬರ್ ದೊಡ್ಡದಾಗಿ ಟೆಂಡರ್ ಮೇಲೇ ಇರುತ್ತಿತ್ತು. ಟೆಂಡರ್ ಬದಲಾದರೆ ನಂಬರ್ ಕೂಡ ಬದಲಾದ ಹಾಗೆ ಅಲ್ವಾ? ಆಮೇಲೆ ಅವರು ನಂಬರನ್ನು ಕ್ಯಾಬ್ ಬದಿಗೆ ತಂದರು. ನಿಮ್ಮ ಮಾದರಿ ಅದಕ್ಕಿಂತ ಹಳೆಯ ಕಾಲದ್ದಾದರೆ, ಹೊಸ ಟೆಂಡರ್ ಮೇಲಿನ ಹಳೆಯ ನಂಬರ್ ಅಳಿಸಿಯೇ ಕೆಲಸ ಮುಗಿಸಬೇಕು.