ಒಟ್ರಾಂಟೊದಲ್ಲಿ ಮುಳುಗಿದ ಮೀನುಗಾರ: ಹೆಸರಿನಿಂದಲ್ಲ, ನಂಬರಿನಿಂದ ಹುಡುಕಿದ್ದು

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಪರವಾಗಿ ಕಾವಲು ಕಾಯುತ್ತಾ ತೀರಿಕೊಂಡ ಮೀನುಗಾರನನ್ನು ಹುಡುಕುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಹೆಸರು ಹಿಡಿದು ಹೊರಡಬೇಡಿ, ನೌಕಾಪಡೆ ಅವನಿಗೆ ಕೊಟ್ಟ ಸೇವಾ ನಂಬರ್ ಹಿಡಿದು ಹೊರಡಿ.

ನಾನಿರುವುದು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ. ಪಕ್ಕದ ಮನೆಯ ಹಿರಿಯರೊಬ್ಬರ ಅಜ್ಜ ಬಕಿ ಊರಿನ ಹತ್ತಿರದ ಮೀನುಗಾರ. 1917ರಲ್ಲಿ ಸಮುದ್ರದಲ್ಲಿ ಹೋದವರು. ದೇಹ ಸಿಗಲಿಲ್ಲ. ಮನೆಯಲ್ಲಿ ಉಳಿದದ್ದು ಒಂದು ಫೋಟೋ, ಒಂದು ಪದಕ. ಫೋಟೋದ ಹಿಂದೆ ಪೆನ್ಸಿಲ್‌ನಲ್ಲಿ 'ಎಚ್‌ಎಂಎಸ್ ಕ್ವೀನ್' ಎಂದಿತ್ತು. ಹಾಗಾಗಿ ಅಜ್ಜ ದೊಡ್ಡ ಯುದ್ಧನೌಕೆಯಲ್ಲಿ ಸತ್ತರು ಅಂತಲೇ ಮನೆಯವರು ನಂಬಿದ್ದರು.

ಆ ಕರಾವಳಿಯಲ್ಲಿ ಹೆಸರಿನಿಂದ ಯಾಕೆ ಹುಡುಕಲಾಗದು ಅಂದರೆ, ಒಂದು ಊರಿಗೆ ನಾಲ್ಕೈದೇ ಮನೆತನ. ಸ್ಮಿತ್, ಕೌವಿ, ಫ್ಲೆಟ್, ಸ್ಲೇಟರ್, ಮೇರ್. ಅದರಲ್ಲೂ ಮಕ್ಕಳಿಗೆ ಅಜ್ಜ, ಅಪ್ಪ, ಮಾವನ ಹೆಸರನ್ನೇ ಇಡುವ ಪದ್ಧತಿ. ಒಂದೇ ಬೀದಿಯಲ್ಲಿ ಒಂದೇ ಹೆಸರಿನ ಮೂರು ಜನ, ಮೂವರೂ ಮೀನುಗಾರರು, ಮೂವರೂ ನೌಕಾಪಡೆಗೆ ಸೇರಿದವರು. ನಮ್ಮೂರುಗಳಲ್ಲಿ ನಾಲ್ಕು ಮಂಜುನಾಥರಿದ್ದರೆ ಅಡ್ಡಹೆಸರು ಇಟ್ಟು ಕರೆಯುತ್ತೇವಲ್ಲ, ಅವರೂ ಹಾಗೇ ಮಾಡಿದರು. ಆ ಅಡ್ಡಹೆಸರಿಗೆ ಅಲ್ಲಿ 'ಟೀ ನೇಮ್' ಅನ್ನುತ್ತಾರೆ. ಅಜ್ಜನ ಟೀ ನೇಮ್ ಏನು ಅಂತ ಮನೆಯವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಊರಿನ ಪತ್ರಿಕೆ ಓದುವಾಗ ಅದು ಬೇಕಾಗುತ್ತದೆ. ಸರ್ಕಾರಿ ದಾಖಲೆಗೆ ಮಾತ್ರ ಅದು ಸಾಲದು, ನಂಬರೇ ಬೇಕು.

ನಂಬರ್ ಸಿಕ್ಕಿದ್ದು ಪದಕದ ಅಂಚಿನಲ್ಲಿ. ಬೆಳ್ಳಿಯ ಆ ಪದಕವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿ ಇಟ್ಟು ನಿಧಾನಕ್ಕೆ ತಿರುಗಿಸಿದೆ. ಸುತ್ತಲೂ ಸಣ್ಣ ಅಕ್ಷರದಲ್ಲಿ ಒತ್ತಿದ್ದರು: ಅಂಕಿಗಳು, 'ಡಿಎ' ಎಂಬ ಎರಡಕ್ಷರ, ಹೆಸರು, ಕೊನೆಗೆ 'ಆರ್‌ಎನ್‌ಆರ್'. ಆರ್‌ಎನ್‌ಆರ್ ಅಂದರೆ ರಾಯಲ್ ನೇವಲ್ ರಿಸರ್ವ್, ನೌಕಾಪಡೆಯ ಮೀಸಲು ದಳ. ಅದರಲ್ಲಿ ಮೀನುಗಾರರಿಗಾಗಿಯೇ ಟ್ರಾಲರ್ ವಿಭಾಗ ಅಂತ ಇತ್ತು. ಯುದ್ಧಕ್ಕೆ ಕೆಲವೇ ವರ್ಷ ಮೊದಲು ಅದನ್ನು ಶುರು ಮಾಡಿದ್ದರು. ಆ ವಿಭಾಗದಲ್ಲಿ ನಂಬರಿನ ಜೊತೆಗಿರುವ ಅಕ್ಷರ ನೋಡಿದರೆ ಕೆಲಸ ಗೊತ್ತಾಗುತ್ತದೆ. ಡಿಎ ಅಂದರೆ ಡೆಕ್‌ನಲ್ಲಿ ದುಡಿಯುವವನು. ಇಎಸ್ ಅಂದರೆ ಎಂಜಿನ್ ನೋಡಿಕೊಳ್ಳುವವನು. ಟಿಎಸ್ ಅಂದರೆ ಕಲ್ಲಿದ್ದಲು ಸಾಗಿಸುವವನು. ಎಸ್‌ಎ ಅಂದರೆ ದೋಣಿಯ ನಾಯಕ ಸ್ಕಿಪ್ಪರ್‌ನ ಕೆಳಗಿನ ಎರಡನೇ ಆಳು. ಸ್ಕಿಪ್ಪರ್‌ಗಳನ್ನು ಹುಡುಕುವ ದಾರಿ ಬೇರೆ. ಅವರ ಹೆಸರು ನೌಕಾಪಡೆ ಅಧಿಕಾರಿಗಳ ಪಟ್ಟಿಯಾದ ನೇವಿ ಲಿಸ್ಟ್‌ನಲ್ಲೇ ಇರುತ್ತದೆ, ಅದನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ.

ನಂಬರ್ ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿಯಿತು. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಕ್ಯಾಟಲಾಗ್‌ನಲ್ಲಿ 'ಬಿಟಿ 377' ಎಂಬ ಸರಣಿಯಿದೆ. ರಿಸರ್ವ್‌ನವರ ಸೇವಾ ಕಾರ್ಡ್‌ಗಳು ಅದರಲ್ಲಿವೆ, ಮನೆಯಲ್ಲೇ ಕೂತು ಇಳಿಸಿಕೊಳ್ಳಬಹುದು. ಕಾರ್ಡ್ ತೆರೆದಾಗ ನಮ್ಮ ಹಿರಿಯರ ಕಣ್ಣು ಮೊದಲು ಹೋದದ್ದು ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಗುರುತು ಬರೆದಿದ್ದ ಸಾಲಿಗೆ. ಅಜ್ಜನ ಕಣ್ಣು ನೀಲಿ ಅಂತ ಅವರಿಗೆ ಗೊತ್ತಾಗಿದ್ದು ಆಗಲೇ. ಕಪ್ಪುಬಿಳುಪು ಫೋಟೋದಲ್ಲಿ ಅದು ಕಾಣುವುದಿಲ್ಲ ಅಲ್ವಾ.

ಹಡಗುಗಳ ಪಟ್ಟಿಯಲ್ಲಿ ಕೊನೆಯ ಸಾಲು 'ಕ್ವೀನ್'. ಅದರ ಮುಂದೆ ಆವರಣದೊಳಗೆ, ಬೇರೆ ಶಾಯಿಯಲ್ಲಿ, ಇನ್ನೊಂದು ಹೆಸರು. ಗಂಟು ಬಿಚ್ಚಿಕೊಂಡಿದ್ದು ಇಲ್ಲೇ. ಸಣ್ಣ ದೋಣಿಗಳಲ್ಲಿ ಸಂಬಳದ ಲೆಕ್ಕ ಇಡುವವರು ಇರಲಿಲ್ಲ. ಅಲ್ಲಿನ ಆಳುಗಳನ್ನು ಬಂದರಿನ ಡಿಪೋ ಹಡಗಿನ ಪುಸ್ತಕಕ್ಕೆ ಸೇರಿಸುತ್ತಿದ್ದರು. ಎಚ್‌ಎಂಎಸ್ ಕ್ವೀನ್ ಹಳೇ ಯುದ್ಧನೌಕೆ. 1917ರಲ್ಲಿ ಅದು ಇಟಲಿಯ ಟರಾಂಟೊದಲ್ಲಿ ನಿಂತು, ಇಟಲಿಗೂ ಅಲ್ಬೇನಿಯಾಗೂ ನಡುವಿನ ಒಟ್ರಾಂಟೊ ಜಲಸಂಧಿಯ ಕಾವಲು ದೋಣಿಗಳಿಗೆ ಡಿಪೋ ಆಗಿತ್ತು. ಅದು ಮುಳುಗಲೇ ಇಲ್ಲ. ಅಜ್ಜ ಇದ್ದದ್ದು ಆವರಣದೊಳಗಿನ ಹೆಸರಿನ ದೋಣಿಯಲ್ಲಿ. ಇಂಥ ಕಾರ್ಡ್ ನೋಡುವಾಗ ಹೊರಗಿನ ಹೆಸರಿಗಿಂತ ಆವರಣದೊಳಗಿನ ಹೆಸರಿಗೇ ಜಾಸ್ತಿ ಬೆಲೆ ಕೊಡಿ.

ದೋಣಿಯ ಹೆಸರಿನಲ್ಲೂ ಇದೇ ಗೋಜಲು. ಒಂದೇ ಹೆಸರಿನ, ತೇಲುಬಲೆ ಬಿಟ್ಟು ಮೀನು ಹಿಡಿಯುವ ಡ್ರಿಫ್ಟರ್‌ಗಳು ಬೇರೆ ಬೇರೆ ಬಂದರಿನಲ್ಲಿ ಇರುತ್ತಿದ್ದವು. ಬಂದರಿನ ಅಕ್ಷರವನ್ನೂ ಸೇರಿಸಿಯೇ ಹುಡುಕಬೇಕು: ಬಕಿಗೆ ಬಿಸಿಕೆ, ಬ್ಯಾನ್ಫ್‌ಗೆ ಬಿಎಫ್, ಫ್ರೇಸರ್‌ಬರಾಗೆ ಎಫ್‌ಆರ್, ಪೀಟರ್‌ಹೆಡ್‌ಗೆ ಪಿಡಿ. ಕಳೆದುಹೋದ ಹಡಗುಗಳ ಪಟ್ಟಿಯನ್ನು ಬ್ರಿಟಿಷ್ ಸರ್ಕಾರ 1919ರಲ್ಲೇ ಅಚ್ಚು ಹಾಕಿಸಿತ್ತು. ತಾರೀಖು, ಜಾಗ, ಮುಳುಗಿದ ಕಾರಣ ಎಲ್ಲ ಅದರಲ್ಲಿದೆ. ಅಜ್ಜನ ದೋಣಿಯ ಮುಂದೆ ಇದ್ದದ್ದು 1917ರ ಮೇ 15.

ಆ ತಾರೀಖಿಗೆ ಒಂದು ಚರಿತ್ರೆಯೇ ಇದೆ. ಆಡ್ರಿಯಾಟಿಕ್ ಸಮುದ್ರದಿಂದ ಜರ್ಮನ್, ಆಸ್ಟ್ರಿಯನ್ ಜಲಾಂತರ್ಗಾಮಿಗಳು ಹೊರಬರದಂತೆ ಡ್ರಿಫ್ಟರ್‌ಗಳು ಒಟ್ರಾಂಟೊ ಜಲಸಂಧಿಗೆ ಅಡ್ಡಲಾಗಿ ಉಕ್ಕಿನ ತಂತಿಬಲೆ ಎಳೆಯುತ್ತಾ ನಿಂತಿರುತ್ತಿದ್ದವು. ಹೆರಿಂಗ್ ಮೀನು ಹಿಡಿಯಲು ಕಟ್ಟಿದ ದೋಣಿಗಳು. ಹತ್ತು ಜನ ಇದ್ದರೆ ಹೆಚ್ಚು. ಫಿರಂಗಿ ಇದ್ದರೆ 57 ಮಿಲಿಮೀಟರಿನದು. ಆ ನಸುಕಿನಲ್ಲಿ ಸಾಲಿನಲ್ಲಿ 47 ಡ್ರಿಫ್ಟರ್‌ಗಳಿದ್ದವು. ನೊವಾರಾ, ಹೆಲ್ಗೊಲಾಂಡ್, ಸೈಡಾ ಎಂಬ ಮೂರು ಆಸ್ಟ್ರಿಯನ್ ಕ್ರೂಸರ್‌ಗಳು ಮೇಲೆ ಬಿದ್ದವು. ದಂಡಿನ ನಾಯಕ ಹೋರ್ಥಿ, ಮುಂದೆ ಹಂಗೆರಿಯನ್ನು ಆಳಿದವನು. ದೋಣಿ ಬಿಟ್ಟು ಹೋಗಿ ಅಂತ ಸೈರನ್ ಊದಿ ಎಚ್ಚರಿಸಿ ಗುಂಡು ಹಾರಿಸಿದರು. 14 ಡ್ರಿಫ್ಟರ್ ಮುಳುಗಿದವು, 72 ಜನ ಸೆರೆ ಸಿಕ್ಕರು. 'ಗೌವನ್ ಲೀ' ದೋಣಿಯ ಸ್ಕಿಪ್ಪರ್ ಜೋಸೆಫ್ ವಾಟ್ ಶರಣಾಗದೆ ಕ್ರೂಸರ್ ಮೇಲೇ ಗುಂಡು ಹಾರಿಸಿದ. ಅವನಿಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಪುಸ್ತಕಗಳೆಲ್ಲ ವಾಟ್ ಬಗ್ಗೆಯೇ ಬರೆಯುತ್ತವೆ. ಅವನದು ನಿಜವಾದ ಧೈರ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಸಾಲಿನಲ್ಲಿ ಬಲೆ ಎಳೆಯುತ್ತಿದ್ದ ಉಳಿದವರ ಬಗ್ಗೆ ಹೆಚ್ಚೇನೂ ಸಿಗುವುದಿಲ್ಲ. ಅವರನ್ನು ಮನೆಯವರೇ ಹುಡುಕಬೇಕು, ಇಲ್ಲ ನಮ್ಮಂಥ ನೆರೆಹೊರೆಯವರು.

ಅಜ್ಜ ಸತ್ತವರಲ್ಲೋ ಸೆರೆ ಸಿಕ್ಕವರಲ್ಲೋ ಅಂತ ತಿಳಿಯಲು ಕಾರ್ಡಿನ ಮೂಲೆಯ 'ಡಿಡಿ' ಎಂಬ ಎರಡಕ್ಷರ ಸಾಕಿತ್ತು. ತೀರಿಕೊಂಡಿದ್ದರಿಂದ ಹೆಸರು ತೆಗೆದಿದೆ ಅಂತ ಅದರರ್ಥ. ಆದರೆ ಮನೆಯವರಿಗೆ ಅದು ಯಾವಾಗ ತಿಳಿಯಿತು? ಅದಕ್ಕೆ ಊರಿನ ವಾರಪತ್ರಿಕೆಗಳನ್ನು ತಿರುವಬೇಕಾಯಿತು. ಸೆನ್ಸಾರ್ ಇದ್ದುದರಿಂದ ದೋಣಿಯ ಹೆಸರಿಲ್ಲ, ಜಾಗದ ಹೆಸರಿಲ್ಲ. ಟೀ ನೇಮ್ ಗೊತ್ತಿದ್ದರಿಂದಲೇ ಸಾಲು ಸಿಕ್ಕಿತು: 'ಸುದ್ದಿ ಇಲ್ಲ' ಅಂತಷ್ಟೇ. ಅಷ್ಟೊಂದು ಜನ ಸೆರೆಯಲ್ಲಿದ್ದಾಗ ನಮ್ಮವನೂ ಅಲ್ಲೇ ಇರಬಹುದು ಅಂತ ಹೆಂಡತಿ ಕಾದಿರಲೇಬೇಕು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿಯ ಏಳು ಜನರ ಮನೆಗಳು ಹೇಗೆ ಕಾದವು ಅಂತ ಉಡುಪಿ ಕಡೆಯವಳಾದ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ದೋಣಿಯ ಅವಶೇಷ ನೌಕಾಪಡೆಗೆ ಸಿಕ್ಕಿದ್ದು ಮರುವರ್ಷದ ಮೇನಲ್ಲಿ.

ಕ್ಯೂಗೂ ಹೋದೆ. ರೀಡರ್ಸ್ ಟಿಕೆಟ್ ಮಾಡಿಸಿಕೊಳ್ಳಬೇಕು, ಪೆನ್ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಫೋಟೋ ತೆಗೆಯಬಹುದು. ಸಣ್ಣ ದೋಣಿಗಳ ಲಾಗ್ ಪುಸ್ತಕಕ್ಕಾಗಿ ಸುಮ್ನೆ ಸಮಯ ಕಳೆಯಬೇಡಿ, ಅವು ಸಾಮಾನ್ಯವಾಗಿ ಉಳಿದಿಲ್ಲ. 'ಎಡಿಎಂ 137' ಸರಣಿಯ ಕಾರ್ಯಾಚರಣೆ ಕಡತಗಳನ್ನು ತರಿಸಿ. 'ಎಡಿಎಂ 242'ರಲ್ಲಿ ಸತ್ತವರ ಪಟ್ಟಿ ಇದೆ, ಸುದ್ದಿ ಯಾರಿಗೆ ಮುಟ್ಟಿಸಿದರು ಅಂತ ಅದರಲ್ಲಿ ಬರೆದಿರುತ್ತದೆ. ಹೆಂಡತಿಯ ಹೆಸರೂ ಬೀದಿಯ ಹೆಸರೂ ಮನೆಯವರು ಹೇಳಿದ್ದಕ್ಕೆ ಸರಿಹೊಂದಿದಾಗಲೇ ಇವರೇ ಅವರು ಅಂತ ನಾನು ಒಪ್ಪಿದ್ದು.

ಇನ್ನು ಸ್ಮಾರಕ. ಗೋರಿಯಿಲ್ಲದ ನಾವಿಕರ ಹೆಸರು ಪೋರ್ಟ್ಸ್‌ಮತ್, ಪ್ಲಿಮತ್, ಚಾಟಮ್ ಈ ಮೂರರಲ್ಲಿ ಒಂದು ಕಡೆ ಕೆತ್ತಿದೆ. ಸ್ಕಾಟ್ಲೆಂಡಿನವನಾದರೂ ಹೆಸರು ಇಂಗ್ಲೆಂಡಿನ ದಕ್ಷಿಣದಲ್ಲಿರುತ್ತದೆ. ಯಾವ ಊರು, ಯಾವ ಫಲಕ ಅಂತ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ಪಟ್ಟಿಯಲ್ಲಿ ನೋಡಿಕೊಂಡೇ ಹೊರಡಿ. ಸ್ಮಾರಕದ ಫಲಕಗಳಲ್ಲಿ ಹೆಸರುಗಳನ್ನು ಮೊದಲು ವರ್ಷದ ಪ್ರಕಾರ ಜೋಡಿಸಿದ್ದಾರೆ.

ಹಿರಿಯರು ಈಗ ಅಜ್ಜನ ತಮ್ಮನನ್ನೂ ಹುಡುಕಿಕೊಡು ಅಂದಿದ್ದಾರೆ. ಅವರು ಬದುಕಿ ಬಂದವರು, ಆದರೆ ಯುದ್ಧದ ಬಗ್ಗೆ ಬಾಯಿ ಬಿಟ್ಟವರಲ್ಲ. ಕಾರ್ಡ್ ಸಿಕ್ಕಿದೆ. ಡಿಪೋ ಹೆಸರು 'ಪೆಕಿನ್', ಅಂದರೆ ಇಂಗ್ಲೆಂಡಿನ ಗ್ರಿಮ್ಸ್‌ಬಿ ಬಂದರು. ಎರಡು ಟ್ರಾಲರ್ ನಡುವೆ ತಂತಿ ಎಳೆದು ನೆಲಬಾಂಬಿನ ಹಾಗೆ ನೀರೊಳಗೆ ಕಟ್ಟಿದ್ದ ಮೈನ್‌ಗಳನ್ನು ಕತ್ತರಿಸುವ ಕೆಲಸ ಅಲ್ಲಿ ಜೋರಾಗಿತ್ತು. ಆವರಣದೊಳಗಿನ ಹೆಸರು ಮಸುಕಾಗಿದೆ, ಮೊದಲ ಮೂರಕ್ಷರ ಮಾತ್ರ ಓದಲು ಬರುತ್ತದೆ. ಗ್ರಿಮ್ಸ್‌ಬಿಯ ಜಿವೈ ನಂಬರಿನ ದೋಣಿಗಳ ಪಟ್ಟಿ ಇಟ್ಟುಕೊಂಡು ಒಂದೊಂದೇ ತಾಳೆ ನೋಡುತ್ತಿದ್ದೇನೆ.